ಹಸಿ ತೊಗಟೆ, ಎರಡು ಬಗೆಯ ಹಳದಿ: ಬಾಗಲಕೋಟೆಯ ಒಂದು ಮಾಳಿಗೆ ತೋಟದ ಪ್ರಕರಣ ಅಧ್ಯಯನ

ಜಾಗ ಬಾಗಲಕೋಟೆ ನವನಗರದ ಒಂದು ಮನೆಯ ಮಾಳಿಗೆ. ಅಲ್ಲಿ 12 ಇಂಚಿನ 40 ಕುಂಡಗಳಿವೆ, ಒಂದೊಂದು ಸುಮಾರು 15 ಲೀಟರ್ ಮಣ್ಣು ಹಿಡಿಯುತ್ತದೆ. ಗುಲಾಬಿ, ದಾಸವಾಳ, ಮಲ್ಲಿಗೆ ಅರ್ಧದಷ್ಟು. ಉಳಿದವುಗಳಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಚವಳಿಕಾಯಿ. ಮೊದಲು ಎಲ್ಲದರಲ್ಲೂ ಎರೆಮಣ್ಣು ಮತ್ತು ತಿಪ್ಪೆಗೊಬ್ಬರವೇ ಇತ್ತು. ಎರೆಮಣ್ಣು ಹೊಲದಲ್ಲಿ ಬಂಗಾರ, ಕುಂಡದಲ್ಲಿ ಕಷ್ಟ. ನೀರು ಕುಡಿದಾಗ ಉಬ್ಬಿ ಬೇರಿನ ಗಾಳಿ ಕಟ್ಟುತ್ತದೆ. ಒಣಗಿದಾಗ ಕುಗ್ಗಿ ಕುಂಡದ ಗೋಡೆ ಬಿಡುತ್ತದೆ, ಆಮೇಲೆ ಹಾಕಿದ ನೀರೆಲ್ಲ ಆ ಸಂದಿಯಿಂದಲೇ ಕೆಳಗಿಳಿಯುತ್ತದೆ. ತೂಕದ ಚಿಂತೆ ಬೇರೆ: ಹಸಿಯಾದ ಎರೆಮಣ್ಣಿನ ಇಂಥ ಒಂದು ಕುಂಡ 25 ಕೆ.ಜಿ. ದಾಟುತ್ತದೆ. 40 ಕುಂಡ ಎಂದರೆ ಮಾಳಿಗೆಯ ಮೇಲೆ ಒಂದು ಟನ್ ಭಾರ.

ಹಾಗಾಗಿ ಮನೆಯವರು ಹಗುರ ಮಣ್ಣಿಗೆ ಬದಲಾಯಿಸಲು ಹೊರಟು, ಸಾಮಿಲ್ಲಿನ ಹಿಂದೆ ಬಿದ್ದಿದ್ದ ತೊಗಟೆ ತಂದರು. ಜಾಲಿಯದೇ ಹೆಚ್ಚು, ಜೊತೆಗೆ ಬೇವು, ಸ್ವಲ್ಪ ಸಾಗವಾನಿ. ಆಲೋಚನೆ ಸರಿಯಾಗಿಯೇ ಇತ್ತು. ಕೆಟ್ಟದ್ದು ಎರಡು ಕಡೆ: ತೊಗಟೆ ಗೊಬ್ಬರವಾಗಿರಲಿಲ್ಲ, ಮತ್ತು ಅನುಸರಿಸಿದ ಪಾಕ ಪೈನ್ ಮರದ ತೊಗಟೆಗೆ ಬರೆದದ್ದು.

ಫೆಬ್ರವರಿಯಲ್ಲಿ ತುಂಬಿದ ಮಿಶ್ರಣ ಹೀಗಿತ್ತು: ಕೈಯಿಂದ ಮುರಿದ ತೊಗಟೆ ಅರ್ಧ, ಮಸಾರಿ ಮಣ್ಣು ಹತ್ತಕ್ಕೆ ಮೂರು ಪಾಲು, ತಿಪ್ಪೆಗೊಬ್ಬರ ಎರಡು ಪಾಲು, ಕುಂಡಕ್ಕೊಂದು ಹಿಡಿ ಸುಣ್ಣ. ತೊಗಟೆ ಕಪ್ಪಗಿತ್ತು, ಹಳೆಯದಾಗಿತ್ತು, ಹಾಗಾಗಿ ಕೊಳೆತದ್ದೆಂದೇ ಎಲ್ಲರೂ ನಂಬಿದ್ದರು. ಇಲ್ಲಿನ ಒಣ ಹವೆಯಲ್ಲಿ ಬಯಲಿನಲ್ಲಿ ಬಿದ್ದ ತೊಗಟೆ ವರ್ಷ ಕಳೆದರೂ ಮೇಲ್ಮೈಯಲ್ಲಷ್ಟೇ ಬಣ್ಣ ಬದಲಿಸುತ್ತದೆ. ತೇವವಿಲ್ಲ, ಸಾರಜನಕವಿಲ್ಲ, ರಾಶಿಗೆ ಕಾವು ಬಂದಿಲ್ಲ. ಒಂದು ಚೂರನ್ನು ಮುರಿದು ನೋಡಿದರೆ ಒಳಗೆ ಇನ್ನೂ ಕೆಂಪು ನಾರು, ಬಾಯಿಗೆ ಹಾಕಿದರೆ ಒಗರು.

ಮೂರು ವಾರ ಕಳೆಯುವಷ್ಟರಲ್ಲಿ ಗಿಡಗಳು ಹಳದಿಗೆ ತಿರುಗಿದವು. ಮೊದಲ ಅನುಮಾನ ನೀರು ಹೆಚ್ಚಾಯಿತೆಂಬುದು, ಆಮೇಲೆ ಬಿಸಿಲು, ಆಮೇಲೆ ರೋಗ. ಶಿಲೀಂಧ್ರನಾಶಕವನ್ನೂ ಹೊಡೆದದ್ದಾಯಿತು, ಫಲವಿಲ್ಲ.

ಹಳದಿಯನ್ನು ಓದುವುದು

ಈ ಪ್ರಕರಣದ ಗಂಟು ಇರುವುದು ಇಲ್ಲಿ. ಮಾಳಿಗೆಯ ಮೇಲೆ ಇದ್ದದ್ದು ಒಂದು ಹಳದಿಯಲ್ಲ, ಎರಡು.

ಟೊಮೆಟೊ, ಬದನೆ, ಮೆಣಸಿನ ಗಿಡಗಳಲ್ಲಿ ಹಳದಿ ಬುಡದ ಎಲೆಯಿಂದ ಶುರುವಾಗಿ ಮೇಲಕ್ಕೆ ಏರಿತ್ತು. ನರ, ನಡುಭಾಗ, ಅಂಚು ಎಲ್ಲ ಒಂದೇ ಸಮ ಮಂಕು. ಗಿಡ ಕುಳ್ಳಗೆ ನಿಂತಿತ್ತು, ಕಾಂಡ ಸಣಕಲು. ಇದು ಸಾರಜನಕದ ಕೊರತೆ. ಗಿಡ ತನ್ನ ಹಳೆಯ ಎಲೆಯ ಸಾರಜನಕವನ್ನು ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ, ಅದಕ್ಕೇ ಮುದಿ ಎಲೆಗಳು ಮೊದಲು ಹೋಗುತ್ತವೆ.

ಗುಲಾಬಿ, ದಾಸವಾಳ, ಮಲ್ಲಿಗೆಯಲ್ಲಿ ಇದಕ್ಕೆ ತದ್ವಿರುದ್ಧ. ಬುಡದ ಎಲೆ ಹಸಿರಾಗಿಯೇ ಇದ್ದವು. ಹೊಸ ಚಿಗುರು ಹಳದಿ, ಕೆಲವು ಬಿಳಿಚಿಕೊಂಡಿದ್ದವು, ನರಗಳು ಮಾತ್ರ ತೆಳು ಹಸಿರು ಜಾಲದ ಹಾಗೆ ಎದ್ದು ಕಾಣುತ್ತಿದ್ದವು. ಇದು ಕಬ್ಬಿಣದ ಕೊರತೆ. ಕಬ್ಬಿಣ ಹಳೆಯ ಎಲೆಯಿಂದ ಹೊಸದಕ್ಕೆ ಹೋಗುವುದಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇತ್ತು, ಮಸಾರಿ ಮಣ್ಣಿನ ಕೆಂಪೇ ಕಬ್ಬಿಣ. ಆದರೆ ಪಿಎಚ್ (ಹುಳಿ-ಕ್ಷಾರದ ಅಳತೆ; 7 ಸಮ, ಅದರ ಮೇಲೆ ಕ್ಷಾರ) ಏರಿದ್ದರಿಂದ ಅದು ಕರಗದೆ ಕುಳಿತಿತ್ತು. ಅಳೆದಾಗ ಮಿಶ್ರಣದ ಪಿಎಚ್ 8.2 ಬಂತು.

ಇನ್ನೊಂದು ಸುಳಿವು ಚವಳಿಕಾಯಿ ಗಿಡದ್ದು. ಅದೇ ಮಿಶ್ರಣ, ಅದೇ ಬಿಸಿಲು, ಅದೇ ನೀರು, ಆದರೂ ಅದು ಮಾತ್ರ ಹಸಿರಾಗಿತ್ತು. ಒಂದು ಗಿಡ ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ದ್ವಿದಳ ಗಿಡ ಗಾಳಿಯ ಸಾರಜನಕವನ್ನು ಬೇರುಗಂಟಿನ ಬ್ಯಾಕ್ಟೀರಿಯಾಗಳ ಮೂಲಕ ತಾನೇ ದಕ್ಕಿಸಿಕೊಳ್ಳುತ್ತದೆ. ಕೊರತೆ ಸಾರಜನಕದ್ದೇ ಹೊರತು ಬೇರು ಕೊಳೆತದ್ದಲ್ಲ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಹೊಸ ಮಿಶ್ರಣದ ಮೇಲೆ ಅನುಮಾನ ಇರುವವರು ಒಂದು ಕುಂಡದಲ್ಲಿ ಚವಳಿಯನ್ನೂ ಪಕ್ಕದಲ್ಲಿ ಟೊಮೆಟೊವನ್ನೂ ಹಾಕಿ ನೋಡಲಿ ಎಂಬುದು ನಮ್ಮ ಸಲಹೆ.

ಸಾರಜನಕ ಎಲ್ಲಿ ಹೋಯಿತು? ತೊಗಟೆಯನ್ನು ತಿನ್ನುವ ಸೂಕ್ಷ್ಮಜೀವಿಗಳ ಹೊಟ್ಟೆಗೆ. ಅಗಲ ಎಲೆ ಮರಗಳ ತೊಗಟೆಯಲ್ಲಿ ಇಂಗಾಲ ಸಾರಜನಕದ 100ರಿಂದ 400 ಪಟ್ಟು ಇರುತ್ತದೆ, ಸರಾಸರಿ 200ರ ಆಸುಪಾಸು. ಜೀವಿಗಳಿಗೆ ಬೇಕಾದದ್ದು 25ರಿಂದ 30 ಪಟ್ಟು. ಕಡಿಮೆ ಬಿದ್ದ ಸಾರಜನಕವನ್ನು ಅವು ಸುತ್ತಲಿನ ಮಣ್ಣಿನಿಂದ, ಅಂದರೆ ಬೇರಿನ ಬಾಯಿಯಿಂದ, ಎಳೆದುಕೊಳ್ಳುತ್ತವೆ. ಗಿಡಕ್ಕೂ ಜೀವಿಗಳಿಗೂ ಪೈಪೋಟಿ ಬಿದ್ದರೆ ಗೆಲ್ಲುವುದು ಸಾಮಾನ್ಯವಾಗಿ ಜೀವಿಗಳೇ.

ಪಿಎಚ್ ಏರಿದ್ದು ಸುಣ್ಣದಿಂದ. ಪೈನ್ ತೊಗಟೆ ಹುಳಿ, ಪಿಎಚ್ 4ರಿಂದ 5. ಅದಕ್ಕೆ ಸುಣ್ಣ ಬೇಕೇ ಬೇಕು, ಆ ಪಾಕದಲ್ಲಿ ಸುಣ್ಣ ಸರಿಯಾದ ಜಾಗದಲ್ಲೇ ಇದೆ. ನಮ್ಮ ಜಾಲಿ, ಬೇವು, ಮತ್ತಿ, ಸಾಗವಾನಿ ಅಗಲ ಎಲೆಯ ಮರಗಳು. ಇಂಥ ತೊಗಟೆಯಲ್ಲಿ ಕ್ಯಾಲ್ಸಿಯಂ ಹೇರಳ. ಕೊಳೆಯುತ್ತ ಹೋದಂತೆ ಅದು ಬಿಡುಗಡೆಯಾಗಿ ಪಿಎಚ್ ತಾನಾಗಿಯೇ 7 ದಾಟುತ್ತದೆ, ಕೆಲವೊಮ್ಮೆ 8 ಮುಟ್ಟುತ್ತದೆ. ಅದರ ಮೇಲೆ ಸುಣ್ಣ, ಅದರ ಮೇಲೆ ಬೋರ್‌ನ ಗಡಸು ನೀರು. ಈ ಮನೆಯಲ್ಲಿ ಅದಕ್ಕೂ ಮಿಗಿಲಾಗಿ ಕುಡಿಯುವ ನೀರಿನ ಫಿಲ್ಟರ್ ಹೊರಹಾಕುವ ನೀರನ್ನೂ ಕುಂಡಕ್ಕೇ ಸುರಿಯುತ್ತಿದ್ದರು. ಬೋರ್ ನೀರಿನ ಉಪ್ಪೆಲ್ಲ ಗಟ್ಟಿಯಾಗಿ ಸೇರಿರುವುದು ಆ ನೀರಿನಲ್ಲೇ. ನೆಲ ಒರೆಸಲು ಅದು ಸರಿ, ಕುಂಡಕ್ಕೆ ಬೇಡ. ಬಾಗಲಕೋಟೆ, ವಿಜಯಪುರ ಕಡೆಯ ನೀರಿಗೆ ಕುಂಡ ಮಣ್ಣಿನಲ್ಲಿ ಸುಣ್ಣ ಹಾಕುವ ಪ್ರಶ್ನೆಯೇ ಏಳಬಾರದು. ಇದನ್ನು ಒತ್ತಿ ಹೇಳಲು ಕಾರಣ, ಸಾರಜನಕದ ಹಳದಿ ಒಂದಷ್ಟು ಕಾಲಕ್ಕೆ ತಾನೇ ಕಡಿಮೆಯಾದೀತು. ಸುಣ್ಣದ ಹಳದಿ ಹಾಗೆ ಹೋಗುವುದಿಲ್ಲ.

ತುರ್ತು ಆರೈಕೆ

ಮಾರ್ಚಿನ ಬಿಸಿಲಿನಲ್ಲಿ 40 ಗಿಡಗಳನ್ನೂ ಬೇರು ಕಿತ್ತು ಬೇರೆ ಮಣ್ಣಿಗೆ ಹಾಕಿದರೆ ಅರ್ಧ ಸಾಯುತ್ತವೆ. ಆದ್ದರಿಂದ ಮಳೆಗಾಲದವರೆಗೆ ಗಿಡ ಉಳಿಸಿಕೊಳ್ಳುವುದಷ್ಟೇ ಗುರಿ.

ತರಕಾರಿ ಗಿಡಗಳಿಗೆ ಲೀಟರ್ ನೀರಿಗೆ 2 ಗ್ರಾಂ ಯೂರಿಯಾ ಕರಗಿಸಿ, ವಾರಕ್ಕೊಮ್ಮೆ ಕುಂಡಕ್ಕೆ ಅರ್ಧ ಲೀಟರ್. ಹೂವಿನ ಗಿಡಗಳ ಚಿಗುರಿಗೆ ಲೀಟರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸೇರಿಸಿ ಸಂಜೆ ಹೊತ್ತು ಸಿಂಪಡಣೆ, ಹತ್ತು ದಿನಕ್ಕೊಮ್ಮೆ. ನಿಂಬೆ ಉಪ್ಪು ಹಾಕದಿದ್ದರೆ ಗಡಸು ನೀರಿನಲ್ಲಿ ಅನ್ನಭೇದಿ ಬೇಗ ತುಕ್ಕು ಬಣ್ಣಕ್ಕೆ ತಿರುಗಿ ತಳ ಸೇರುತ್ತದೆ, ಹೊಡೆದದ್ದು ವ್ಯರ್ಥ. ಬುಡಕ್ಕೆ ಹಾಕುವುದಾದರೆ ಇಡಿಡಿಎಚ್‌ಎ ರೂಪದ, ಅಂದರೆ ಕ್ಷಾರ ಮಣ್ಣಿನಲ್ಲೂ ಕರಗಿದಂತೆಯೇ ಉಳಿಯುವ, ಕಬ್ಬಿಣವನ್ನೇ ಕೇಳಿ ತರಬೇಕು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಇಡಿಟಿಎ ರೂಪ ಪಿಎಚ್ 6.5 ದಾಟಿದ ಮಣ್ಣಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳದು, ಹಣ ಹೋಗುತ್ತದೆ ಅಷ್ಟೆ.

ಯೂರಿಯಾ ನೀರು ಕೊಡುತ್ತಲೇ ಇದ್ದರೆ ಸಾಲದೇ? ತೊಗಟೆ ಕುಂಡದಲ್ಲೇ ಕೊಳೆಯಲಿ ಎಂದು ಕೇಳುವವರಿದ್ದಾರೆ. ಲೆಕ್ಕ ನೋಡಿ. ಒಂದು ಲೀಟರ್ ತೊಗಟೆಗೆ ಸುಮಾರು 1.2 ಗ್ರಾಂ ಸಾರಜನಕ ಬೇಕು. ಕುಂಡದಲ್ಲಿ ಏಳೂವರೆ ಲೀಟರ್ ತೊಗಟೆ ಇದೆ, ಅಂದರೆ 9 ಗ್ರಾಂ ಸಾರಜನಕ, ಸುಮಾರು 20 ಗ್ರಾಂ ಯೂರಿಯಾ. ಒಮ್ಮೆಲೇ ಹಾಕಿದರೆ ಬೇರು ಸುಡುತ್ತದೆ. ವಾರಕ್ಕೆ ಒಂದು ಗ್ರಾಂನಂತೆ ಹಾಕಿದರೆ 20 ವಾರ, ಅದರಲ್ಲೂ ಸುಣ್ಣ ಬೆರೆತ ಮಣ್ಣಿನಲ್ಲಿ ಒಂದು ಪಾಲು ಅಮೋನಿಯಾ ಆಗಿ ಹಾರಿಹೋಗುತ್ತದೆ. ಅಷ್ಟು ಕಾಲ ಗಿಡವನ್ನು ಉಪವಾಸ ಕೆಡವುವ ಬದಲು ತೊಗಟೆಯನ್ನು ಹೊರಗೆ ಕೊಳೆಸಿ ತರುವುದೇ ಸರಿ.

ರಾಶಿಗೆ ಮುನ್ನ

ಜೂನ್ ಮೊದಲ ವಾರ ಹೊಸ ತೊಗಟೆ ಬಂತು, ಈ ಸಲ ಆರಿಸಿ ತಂದದ್ದು. ಸಾಮಿಲ್ಲಿನಲ್ಲಿ ಕೇಳಬೇಕಾದ ಪ್ರಶ್ನೆ ಎರಡು: ಗೆದ್ದಲು ಔಷಧ ಹೊಡೆದ ದಿಮ್ಮಿಯದೇ, ಮತ್ತು ರಾಶಿಯಲ್ಲಿ ಕಟ್ಟಿಗೆಯ ಹೊಟ್ಟು ಎಷ್ಟು ಬೆರೆತಿದೆ. ಹೊಟ್ಟು ತೊಗಟೆಗಿಂತ ಬೇಗ ಕೊಳೆಯುತ್ತದೆ, ಆದ್ದರಿಂದ ಸಾರಜನಕವನ್ನೂ ಹೆಚ್ಚು ಎಳೆಯುತ್ತದೆ. ಹಿಡಿಯಲ್ಲಿ ತೆಗೆದರೆ ಹೊಟ್ಟೇ ಎದ್ದು ಕಾಣುವ ರಾಶಿ ಬಿಡಬೇಕು. ನೀಲಗಿರಿ ತೊಗಟೆ ಉದ್ದ ಪಟ್ಟೆಯಾಗಿ ಸುಲಿಯುತ್ತದೆ, ಮುರಿಯುವುದು ಕಷ್ಟ, ಬೇರೆ ಗಿಡ ಬೆಳೆಯಗೊಡದ ಗುಣವೂ ಇದೆ. ಅದನ್ನು ಕಾಲು ಪಾಲಿಗಿಂತ ಹೆಚ್ಚು ಸೇರಿಸಬಾರದು.

ಚರ್ಮ ಹದಮಾಡಿ ಬಿಟ್ಟ ತೊಗಟೆಯ ಬಗ್ಗೆ ಒಂದು ಮಾತು. ಅಥಣಿ, ನಿಪ್ಪಾಣಿ ಕಡೆ ಚಪ್ಪಲಿಯ ಚರ್ಮ ಹದಮಾಡಲು ಜಾಲಿ ತೊಗಟೆ ಮತ್ತು ಅಳಲೆಕಾಯಿ ಬಳಸುವ ಪದ್ಧತಿ ಇದೆ. ಒಗರು ಇಳಿದ ಆ ತೊಗಟೆ ಕುಂಡಕ್ಕೆ ಸಿದ್ಧವಾದಂತೆ ತೋರುತ್ತದೆ. ಆದರೆ ಚರ್ಮಕ್ಕೆ ಹಚ್ಚಿದ ಉಪ್ಪು, ಕೂದಲು ತೆಗೆಯಲು ಬಳಸಿದ ಸುಣ್ಣ ಅದರಲ್ಲಿ ಸೇರಿರುತ್ತವೆ. ನಮ್ಮ ನೀರಿಗೆ ಅದು ಹೊಂದುವುದಿಲ್ಲ.

ಚೂರು ಮಾಡುವುದು ಬೆವರಿನ ಕೆಲಸ. ಮೇ ಬಿಸಿಲಿನಲ್ಲಿ ಒಣಗಿದ ತೊಗಟೆ ಗರಿಗರಿಯಾಗಿರುತ್ತದೆ, ಅದನ್ನು ಗಟ್ಟಿ ನೆಲದ ಮೇಲೆ ಗೇಣುದ್ದ ದಪ್ಪ ಹರಡಿ ಟ್ರ್ಯಾಕ್ಟರ್ ಗಾಲಿ ನಾಲ್ಕಾರು ಸಲ ಹಾಯಿಸಿದರೆ ಬಹುಪಾಲು ಪುಡಿಯಾಗುತ್ತದೆ. ಗೌಂಡಿಗಳು ಉಸುಕು ಸೋಸುವ ಜಾಳಿಗೆಯಲ್ಲಿ, ಅಂದರೆ 10 ಅಥವಾ 12 ಮಿ.ಮೀ. ಕಣ್ಣಿನದರಲ್ಲಿ, ಹಾಯಿಸಿ ಉಳಿದ ದಪ್ಪ ಚೂರು ಮತ್ತೆ ಗಾಲಿಗೆ ಕೊಡಬೇಕು. ದೊಡ್ಡ ಚೂರು ಇದ್ದರೆ ಕೊಳೆಯಲು ಎರಡು ಪಟ್ಟು ಕಾಲ. ತೀರ ಹಿಟ್ಟಾದರೆ ರಾಶಿಯಲ್ಲಿ ಗಾಳಿ ಆಡದು, ಕುಂಡದಲ್ಲೂ ಕೆಸರಾಗುತ್ತದೆ.

ಒಗರು (ಟ್ಯಾನಿನ್) ಇಳಿಸಲು ಚೂರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಎರಡು ದಿನ ನೆನೆಹಾಕಿ ಆ ಕಂದು ನೀರನ್ನು ಚೆಲ್ಲಬೇಕು, ಗಿಡದ ಬುಡಕ್ಕಲ್ಲ. ಕಬ್ಬಿಣದ ಡ್ರಮ್ ಬೇಡ; ಒಗರೂ ಕಬ್ಬಿಣವೂ ಕೂಡಿದರೆ ಮಸಿಯಂಥ ಕಪ್ಪು. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದದ್ದೂ ಇದೇ ಕ್ರಿಯೆಯಿಂದ. ಇದನ್ನೇ ಅಳತೆಯಾಗಿಯೂ ಬಳಸಬಹುದು. ಒಂದು ಹಿಡಿ ತೊಗಟೆಯನ್ನು ಅರ್ಧ ಲೀಟರ್ ಕುಡಿಯುವ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಗಾಜಿನ ಲೋಟಕ್ಕೆ ಹಾಕಿ ಚಿಟಿಕೆ ಅನ್ನಭೇದಿ ಉದುರಿಸಬೇಕು. ಹಸಿ ಜಾಲಿ ತೊಗಟೆಯ ನೀರು ಕ್ಷಣದಲ್ಲಿ ನೀಲಿಗಪ್ಪು. ತಿಂಗಳಿಗೊಮ್ಮೆ ಹೀಗೆ ನೋಡುತ್ತ ಹೋದರೆ ಬಣ್ಣ ತಿಳಿಯಾಗುವುದು ಕಾಣುತ್ತದೆ. ಸಂಖ್ಯೆ ಕೊಡುವ ಪರೀಕ್ಷೆಯಲ್ಲ ಇದು, ಮೊದಲಿನದನ್ನೂ ಈಗಿನದನ್ನೂ ಹೋಲಿಸಿ ನೋಡುವುದು.

ರಾಶಿ

ಒಂದು ಘನ ಮೀಟರ್‌ಗಿಂತ ಸಣ್ಣ ರಾಶಿಗೆ ಕಾವು ನಿಲ್ಲುವುದಿಲ್ಲ. 40 ಕುಂಡಕ್ಕೆ ಅಷ್ಟು ತೊಗಟೆ ಬೇಕಿಲ್ಲದಿದ್ದರೂ ಅಷ್ಟು ಮಾಡಲೇಬೇಕು. ಎರಡು ಮೂರು ಮನೆಯವರು ಕೂಡಿ ಮಾಡಿದರೆ ಸರಿಹೋಗುತ್ತದೆ. ನೆನೆದ ಮೇಲೆ ರಾಶಿ ಅರ್ಧ ಟನ್ ತೂಗುವುದರಿಂದ ಇದು ಹಿತ್ತಲಿನ ಕೆಲಸ, ಮಾಳಿಗೆಯದಲ್ಲ. ಕೆಳಗೆ ಪರಸಿ ಕಲ್ಲು ಹಾಸಿ, ಅದರ ಮೇಲೆ ಗೇಣೆತ್ತರ ತೊಗರಿ ಕಟ್ಟಿಗೆ ಹರಡಲಾಯಿತು. ಕಲ್ಲು ಗೆದ್ದಲಿಗೆ ತಡೆ, ತೊಗರಿ ಕಟ್ಟಿಗೆಯಿಂದ ಕೆಳಗಿನ ಗಾಳಿ.

ಒಂದು ಘನ ಮೀಟರ್ ತೊಗಟೆ ಚೂರಿಗೆ ಹಾಕಿದ್ದು: ಹಸಿ ಹೆಂಡಿ (ಸಗಣಿ) 100 ಕೆ.ಜಿ., ಯೂರಿಯಾ ಒಂದೂವರೆ ಕೆ.ಜಿ., ಸಿಂಗಲ್ ಸೂಪರ್ ಫಾಸ್ಫೇಟ್ 2 ಕೆ.ಜಿ., ಪಿಎಚ್ ಇಳಿಸಲು ಗಂಧಕದ ಪುಡಿ ಅರ್ಧ ಕೆ.ಜಿ., ಹಳೆಯ ತಿಪ್ಪೆಗೊಬ್ಬರ ಎರಡು ಬುಟ್ಟಿ. ಸುಣ್ಣ ಇಲ್ಲ, ಬೂದಿಯೂ ಇಲ್ಲ. ಬೂದಿ ಸುಣ್ಣದ ಕೆಲಸವನ್ನೇ ಮಾಡುತ್ತದೆ, ಯೂರಿಯಾವನ್ನು ಹಾರಿಸಿಬಿಡುತ್ತದೆ.

ಯೂರಿಯಾದ ಅಳತೆ ಬಂದದ್ದು ಹೀಗೆ. ಇಷ್ಟು ತೊಗಟೆಯ ಒಣ ತೂಕ ಸುಮಾರು 200 ಕೆ.ಜಿ., ಅದರಲ್ಲಿ ಇಂಗಾಲ ಅರ್ಧ, 100 ಕೆ.ಜಿ. ಪುಸ್ತಕದ 30ರ ಲೆಕ್ಕ ಹಿಡಿದರೆ ಇನ್ನೂ ಮೂರು ಕೆ.ಜಿ.ಯ ಹತ್ತಿರ ಸಾರಜನಕ ಬೇಕು. ಆದರೆ ತೊಗಟೆಯ ಇಂಗಾಲದ ದೊಡ್ಡ ಪಾಲು ಲಿಗ್ನಿನ್ ಎಂಬ ಗಟ್ಟಿ ಮರದಂಶ, ಆರು ತಿಂಗಳಲ್ಲಿ ಜೀವಿಗಳು ಅದನ್ನು ಮುಟ್ಟುವುದೇ ಕಡಿಮೆ. ಅಷ್ಟೂ ಸಾರಜನಕ ಸುರಿದರೆ ಅಮೋನಿಯಾ ಮೂಗಿಗೆ ಹೊಡೆಯುತ್ತದೆ. 1.2 ಕೆ.ಜಿ. ಸಾಕು: ಯೂರಿಯಾದಿಂದ ಸುಮಾರು 700 ಗ್ರಾಂ, ಹೆಂಡಿಯಿಂದ 400ರಿಂದ 500 ಗ್ರಾಂ. ಯೂರಿಯಾ ಬೇಡವೆನ್ನುವವರು ಹೆಂಡಿಯ ಜೊತೆ 10 ಕೆ.ಜಿ. ಶೇಂಗಾ ಹಿಂಡಿ ಹಾಕಿದರೆ ಅದೇ ಲೆಕ್ಕ ಕೂಡುತ್ತದೆ, ಖರ್ಚು ಜಾಸ್ತಿ. ಕೋಳಿಗೊಬ್ಬರ ಅಗ್ಗ, ಆದರೆ ಉಪ್ಪಿನಂಶ ಹೆಚ್ಚು. ಬೋರ್ ನೀರಿರುವ ಮನೆಗೆ ನಾವು ಹೇಳುವುದಿಲ್ಲ.

ಆರು ಪದರಗಳಲ್ಲಿ ಕಟ್ಟಿದ್ದು. ಒಂದೊಂದು ಪದರ ತೊಗಟೆಯ ಮೇಲೆ ಒಂದು ಬುಟ್ಟಿ ಹೆಂಡಿ, ಸೂಪರ್ ಫಾಸ್ಫೇಟ್ ಮತ್ತು ಗಂಧಕದ ಆರನೇ ಒಂದು ಪಾಲು, ಆಮೇಲೆ 250 ಗ್ರಾಂ ಯೂರಿಯಾ ಕರಗಿದ 20 ಲೀಟರ್ ನೀರನ್ನು ಝಾರಿಯಿಂದ ನಿಧಾನ. ಒಣ ತೊಗಟೆ ನೀರನ್ನು ಒಲ್ಲೆನ್ನುತ್ತದೆ, ಮೇಲೆ ಹರಿದು ಹೋಗುತ್ತದೆ. ಎರಡು ದಿನ ನೆನೆಹಾಕಿದ್ದರ ಇನ್ನೊಂದು ಲಾಭ ಇದೇ. 200 ಕೆ.ಜಿ. ಒಣ ತೊಗಟೆ ಸರಿಯಾದ ತೇವಕ್ಕೆ ಬರಲು 250ರಿಂದ 300 ಲೀಟರ್ ನೀರು ಕುಡಿಯಬೇಕು. ಜನ ಸಾಮಾನ್ಯವಾಗಿ ಇದರ ಕಾಲು ಭಾಗ ಹಾಕಿ ನಿಲ್ಲಿಸುತ್ತಾರೆ. ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ನೀರು ಜಿನುಗಬೇಕು, ಧಾರೆ ಬೀಳಬಾರದು. ಮೇಲೆ ಹಸಿ ಗೋಣಿತಟ್ಟು, ಅದರ ಮೇಲೆ ನೆರಳು ಪರದೆ.

ಮೂರನೇ ದಿನ ಕಾವು ಏರಿತು. ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸಲಾಕೆಯನ್ನು ರಾಶಿಯ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಹಿಡಿದು ನೋಡುವುದು: ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ 55 ಡಿಗ್ರಿ ದಾಟಿದೆ. 55ರಿಂದ 65 ಒಳ್ಳೆಯದು; ಅದಕ್ಕೂ ಮೇಲೆ ಹೋದರೆ ಮಗುಚಬೇಕು, 45ಕ್ಕೆ ಇಳಿದರೂ ಮಗುಚಬೇಕು. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಹೊರಗಿನದು ಒಳಗೆ, ಒಳಗಿನದು ಹೊರಗೆ ಬರಬೇಕು. ಸುಮ್ಮನೆ ಕೆದಕಿದರೆ ಮಗುಚಿದಂತಲ್ಲ.

ನಡುವೆ ಕೆಟ್ಟದ್ದು

ಜುಲೈಯಲ್ಲಿ ರಾಶಿಯ ನಡುಭಾಗ ಬೂದಿ ಬಣ್ಣದ ಪುಡಿಯಾಗಿತ್ತು, ಕೈಯಲ್ಲಿ ಹಿಡಿದರೆ ಧೂಳು ಏಳುತ್ತಿತ್ತು. ರಾಶಿ ಚೆನ್ನಾಗಿ ಹಣ್ಣಾಗಿದೆ ಎಂದು ಇದನ್ನು ತಪ್ಪಾಗಿ ತಿಳಿಯುತ್ತಾರೆ. ನಿಜವಾಗಿ ಇದು ಒಳಗೆ ನೀರು ಆರಿ ಕಾವು ಮಾತ್ರ ಉಳಿದ ಲಕ್ಷಣ. ಇಲ್ಲಿ ಜೂನ್, ಜುಲೈ ಮಳೆ ನಂಬುವಂಥದ್ದಲ್ಲ. ವರ್ಷದ ಒಟ್ಟು ಮಳೆಯೇ ಸರಾಸರಿ 600 ಮಿ.ಮೀ. ಒಳಗೆ, ಜೋರು ಮಳೆ ಸೆಪ್ಟೆಂಬರಿನಲ್ಲಿ. ಮೋಡ ಕಂಡು ನೀರು ಹಾಕುವುದನ್ನು ಬಿಟ್ಟದ್ದೇ ಕಾರಣ. ಆ ಪುಡಿಯ ಮೇಲೆ ನೀರು ಸುರಿದರೆ ಮುತ್ತಾಗಿ ಉರುಳುತ್ತದೆ. ರಾಶಿ ಬಿಚ್ಚಿ, ಅಂಟವಾಳಕಾಯಿ ನೆನೆಸಿದ ನೀರು ಒಂದು ಬಕೆಟ್ ಚಿಮುಕಿಸಿ, ಮರುದಿನ ಸಾದಾ ನೀರಿನಿಂದ ತೊಯ್ಸಿ ಮತ್ತೆ ಕಟ್ಟಿದ ಮೇಲೆ ಕಾವು ಮರಳಿತು. ಇಂಥ ಪುಡಿ ಹಾಗೇ ಕುಂಡಕ್ಕೆ ಬಂದಿದ್ದರೆ ಗಿಡ ನೀರಿನ ನಡುವೆಯೇ ಒಣಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಇದರ ಉಲ್ಟಾ. ಎರಡು ದಿನ ಬಿಡದೆ ಮಳೆ, ಗೋಣಿತಟ್ಟು ತೊಯ್ದು ರಾಶಿ ಕುಸಿದು ಕೆಳಭಾಗ ಹುಳಿವಾಸನೆ ಹೊಡೆಯತೊಡಗಿತು. ಗಾಳಿ ಸಿಗದ ತೊಗಟೆಯಲ್ಲಿ ಸಾವಯವ ಆಮ್ಲ ಕೂಡುತ್ತದೆ, ಎಳೆಯ ಬೇರಿಗೆ ಅದು ವಿಷ. ಔಷಧ ಏನೂ ಬೇಕಿಲ್ಲ: ತೆಳ್ಳಗೆ ಹರಡಿ ಎರಡು ದಿನ ಗಾಳಿಗೆ ಬಿಟ್ಟರೆ ವಾಸನೆ ಹೋಗುತ್ತದೆ. ಆಮೇಲೆ ಮಳೆಯ ದಿನಗಳಲ್ಲಿ ತಾಡಪತ್ರಿ ಹೊದಿಸಲಾಯಿತು. ಗೊಣ್ಣೆಹುಳುಗಳು ಸಿಕ್ಕವು, ಮಗುಚುವಾಗ ಆರಿಸಿ ಕೋಳಿಗೆ ಹಾಕಿದ್ದಾಯಿತು.

ಅಕ್ಟೋಬರಿನಲ್ಲಿ ಮಗುಚಿದರೂ ಕಾವು ಏರಲಿಲ್ಲ. ಕೊನೆಯ ಮಗುಚುವಿಕೆಯಲ್ಲಿ ಅನ್ನಭೇದಿ ಅರ್ಧ ಕೆ.ಜಿ. ಬೆರೆಸಿದ್ದು, ಮೊದಲೇ ಹಾಕಿದ್ದರೆ ಒಗರಿನ ಜೊತೆ ಕಟ್ಟಿಕೊಂಡು ಗಿಡಕ್ಕೆ ಸಿಗದೆ ಹೋಗುತ್ತಿತ್ತು. ಅದಾಗಿ ವಾರಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಒಂದು ಕೆ.ಜಿ. ಸೇರಿಸಿ ನಾಲ್ಕು ವಾರ ಸುಮ್ಮನೆ ಬಿಟ್ಟರು. ಈ ನಾಲ್ಕು ವಾರವನ್ನು ಕಡಿತ ಮಾಡಬಾರದು. ಕೊಳೆತ ತೊಗಟೆ ಬೇರುಕೊಳೆ ರೋಗವನ್ನು ತಡೆಯುತ್ತದೆ ಎಂಬುದನ್ನು ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಹ್ಯಾರಿ ಹಾಯ್ಟಿಂಕ್ 1970ರ ದಶಕದಿಂದ ತೋರಿಸುತ್ತ ಬಂದರು. ಬೇರುಕೊಳೆ ತರುವ ಪಿಥಿಯಂ, ಫೈಟಾಫ್ಥೊರಾ ಜೀವಿಗಳು ಹತ್ತಿಕ್ಕಲ್ಪಡುವುದು ಕಾವು ಇಳಿದ ರಾಶಿಗೆ ಟ್ರೈಕೋಡರ್ಮಾದಂಥ ಜೀವಿಗಳು ಮರಳಿ ಬಂದು ನೆಲೆಸಿದ ಮೇಲೆ. ಬಿಸಿ ರಾಶಿಯಿಂದ ನೇರ ಕುಂಡಕ್ಕೆ ತಂದರೆ ಆ ಲಾಭವಿಲ್ಲ.

ಹಣ್ಣಾಗಿದೆಯೇ

ತಿಂಗಳ ಲೆಕ್ಕ ನಂಬಬಾರದು, ಪರೀಕ್ಷೆ ನಂಬಬೇಕು. ಮೂರು ಮಾಡಲಾಯಿತು. ಒದ್ದೆ ತೊಗಟೆಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಇಟ್ಟು ಬಿಚ್ಚಿದಾಗ ಮಣ್ಣಿನ ವಾಸನೆ ಬಂತು. ಹುಳಿ ಅಥವಾ ಅಮೋನಿಯಾ ಬಂದಿದ್ದರೆ ಇನ್ನೂ ಕಾಯಬೇಕಿತ್ತು. ಅನ್ನಭೇದಿ ಲೋಟದ ನೀರು ತಿಳಿ ಚಹಾದ ಬಣ್ಣದಲ್ಲೇ ಉಳಿಯಿತು. ಮೂರನೆಯದು ಮೆಂತ್ಯ: ಎರಡು ತಟ್ಟೆ, ಒಂದರಲ್ಲಿ ತೊಗಟೆಗೊಬ್ಬರ, ಇನ್ನೊಂದರಲ್ಲಿ ತೊಳೆದ ಉಸುಕು, ತಲಾ 20 ಕಾಳು. ಐದನೇ ದಿನ ಉಸುಕಿನಲ್ಲಿ 19, ತೊಗಟೆಯಲ್ಲಿ 18 ಮೊಳೆತಿದ್ದವು. ಎಣಿಸಿ ಬಿಡಬಾರದು, ಕಿತ್ತು ಬೇರು ನೋಡಬೇಕು. ತುದಿ ಕಂದಾಗಿದ್ದರೆ ಅಥವಾ ಬೇರು ಅರ್ಧದಷ್ಟೇ ಉದ್ದವಿದ್ದರೆ ಒಗರು ಇನ್ನೂ ಇದೆ. ಇಲ್ಲಿ ಬೇರು ಬಿಳಿ, ಉದ್ದ ಸಮ. ಪಿಎಚ್ 7.4.

ಒಂದು ಘನ ಮೀಟರ್ ಇಳಿದು 600 ಲೀಟರ್ ಆಗಿತ್ತು. 10 ಮಿ.ಮೀ. ಜಾಳಿಗೆಯಲ್ಲಿ ಸೋಸಿದ ಮೇಲೆ ಕುಂಡಕ್ಕೆ ತಕ್ಕದ್ದು ಸುಮಾರು 400 ಲೀಟರ್. ಜಾಳಿಗೆಯ ಮೇಲೆ ಉಳಿದ ದಪ್ಪ ಚೂರು ಮುಂದಿನ ರಾಶಿಗೆ ಬೀಜ.

ಕುಂಡಕ್ಕೆ

ಅಳತೆಗೆ 20 ಲೀಟರಿನ ಪೇಂಟ್ ಬಕೆಟ್. 100 ಲೀಟರ್ ಮಿಶ್ರಣಕ್ಕೆ ತೊಗಟೆಗೊಬ್ಬರ ಎರಡು ಬಕೆಟ್, ಮಸಾರಿ ಮಣ್ಣು ಒಂದು, ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿ ಒಂದು, ಎರೆಹುಳು ಗೊಬ್ಬರ ಅರ್ಧ, ದಪ್ಪ ಉಸುಕು ಅರ್ಧ, ಬೇವಿನ ಹಿಂಡಿ ಅರ್ಧ ಕೆ.ಜಿ. ತೊಗಟೆ ಅರ್ಧಕ್ಕಿಂತ ಹೆಚ್ಚಿದ್ದರೆ ಬಾಗಲಕೋಟೆಯ ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಸಲ ನೀರು ಬೇಕಾಗುತ್ತದೆ. ಬೆಳಗಾವಿ, ಖಾನಾಪುರದ ಮಳೆಯಲ್ಲಿ ಇದೇ ಮಿಶ್ರಣಕ್ಕೆ ತೆಂಗಿನ ಪುಡಿ ತೆಗೆದು ಆ ಜಾಗಕ್ಕೂ ತೊಗಟೆಯನ್ನೇ ಹಾಕುವುದು ಒಳ್ಳೆಯದು.

ಗಾಳಿ ಎಷ್ಟಿದೆ ಎಂದು ಅಳೆಯಲು ಒಂದು ಲೀಟರ್ ಡಬ್ಬಿಯ ತಳಕ್ಕೆ ತೂತು ಕೊರೆದು, ಟೇಪಿನಿಂದ ಮುಚ್ಚಿ, ಮಿಶ್ರಣ ತುಂಬಿ, ಮೇಲೆ ನೀರು ನಿಲ್ಲುವವರೆಗೆ ಮೆಲ್ಲಗೆ ತೊಯ್ಸಿ ಅರ್ಧ ದಿನ ಬಿಡಬೇಕು. ಟೇಪ್ ಕಿತ್ತಾಗ ಸೋರಿದ ನೀರು ಎಷ್ಟೋ ಅಷ್ಟು ಗಾಳಿಯ ಜಾಗ. ಈ ಮಿಶ್ರಣದಲ್ಲಿ 180 ಮಿ.ಲೀ. ಸೋರಿತು, ಅಂದರೆ ನೂರಕ್ಕೆ 18. ಹತ್ತಕ್ಕಿಂತ ಕಡಿಮೆ ಬಂದರೆ ಬೇರು ಉಸಿರುಗಟ್ಟುತ್ತದೆ, ಮೂವತ್ತು ದಾಟಿದರೆ ನೀರು ನಿಲ್ಲುವುದಿಲ್ಲ. ಹಳೆಯ ಎರೆಮಣ್ಣಿನಲ್ಲಿ ಸೋರಿದ್ದು 40 ಮಿ.ಲೀ. ಮಾತ್ರ.

ನವೆಂಬರಿನಲ್ಲಿ 40 ಕುಂಡ ತುಂಬಲು 600 ಲೀಟರ್ ಮಿಶ್ರಣ, ಅದಕ್ಕೆ 240 ಲೀಟರ್ ತೊಗಟೆಗೊಬ್ಬರ ಹೋಯಿತು. ಮಿಶ್ರಣವನ್ನು ಕುಂಡದ ಹೊರಗೇ ತೊಯ್ಸಿ ತುಂಬಬೇಕು. ಒಣದಾಗಿ ತುಂಬಿ ಮೇಲೆ ನೀರು ಹಾಕಿದರೆ ನಡುವೆ ಒಣ ಗಡ್ಡೆ ಉಳಿಯುತ್ತದೆ. ತಳಕ್ಕೆ ಜಲ್ಲಿ ಹಾಕುವ ರೂಢಿ ಬಿಡಬೇಕು. ಜಲ್ಲಿ ನೀರನ್ನು ಇಳಿಸುವುದಿಲ್ಲ, ಮಣ್ಣು ಮುಗಿಯುವಲ್ಲಿ ನಿಲ್ಲುವ ನೀರನ್ನು ಬೇರಿನ ಹತ್ತಿರಕ್ಕೆ ಎತ್ತುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಫೆಬ್ರವರಿಯ ಹಳೆಯ ಮಿಶ್ರಣವನ್ನು ರಾಶಿಗೆ ಸೇರಿಸಿರಲಿಲ್ಲ, ಸುಣ್ಣ ಯೂರಿಯಾವನ್ನು ಹಾರಿಸುತ್ತಿತ್ತು. ಅದನ್ನು ಹಿತ್ತಲ ಬೇವಿನ ಬುಡಕ್ಕೆ ಮೇಲ್ಹೊದಿಕೆಯಾಗಿ ಹರಡಿದರು. ಮಣ್ಣಿನೊಳಗೆ ಬೆರೆಸದೆ ಮೇಲೆ ಹಾಸಿದ ತೊಗಟೆ ಬೇರಿನ ಮಟ್ಟದ ಸಾರಜನಕಕ್ಕೆ ಕೈ ಹಾಕುವುದಿಲ್ಲ.

ನಂತರದ ಆರು ತಿಂಗಳು

ಹಣ್ಣಾದ ತೊಗಟೆಯೂ ಸ್ವಲ್ಪ ಸಾರಜನಕ ಎಳೆಯುತ್ತಲೇ ಇರುತ್ತದೆ. ಅದಕ್ಕೆ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಲೀಟರಿಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ, ನೀರಿನಲ್ಲಿ ಕರಗುವ ಗೊಬ್ಬರ) ಕೊಟ್ಟರು. ಡಿಸೆಂಬರಿನಲ್ಲಿ ಗುಲಾಬಿಯ ಹೊಸ ಚಿಗುರು ಕೆಂಪಾಗಿ ಬಂದು ಹಸಿರಿಗೆ ತಿರುಗಿತು. ತುಂಬಿದಾಗ 7.1 ಇದ್ದ ಮಿಶ್ರಣದ ಪಿಎಚ್ ಬೋರ್ ನೀರಿನಿಂದ ಫೆಬ್ರವರಿಗೆ 7.5 ಆಯಿತು, ಎರಡು ದಾಸವಾಳದಲ್ಲಿ ಚಿಗುರಿನ ಹಳದಿ ಮತ್ತೆ ಇಣುಕಿತು. ಕುಂಡಕ್ಕೆ 10 ಗ್ರಾಂ ಗಂಧಕ ಮೇಲ್ಮಣ್ಣಿಗೆ ಬೆರೆಸಿ, ಅದು ಕೆಲಸ ಮಾಡುವವರೆಗಿನ ಕೆಲವು ವಾರ ಅನ್ನಭೇದಿ ಸಿಂಪಡಣೆ. ಉಪ್ಪು ತೊಳೆಯಲು ಹದಿನೈದು ದಿನಕ್ಕೊಮ್ಮೆ ತಳದಿಂದ ಚೆನ್ನಾಗಿ ಹರಿಯುವಷ್ಟು ನೀರು. ಫಿಲ್ಟರ್‌ನ ಹೊರನೀರು ಪೂರ್ತಿ ಬಂದ್.

ಬೀಜ ಬಿತ್ತಿದ ತಟ್ಟೆಗಳಲ್ಲಿ ಮಾತ್ರ ಮೊದಲ ಸಲ ಸರಿಬರಲಿಲ್ಲ. ಟೊಮೆಟೊ ಬೀಜಗಳು ದಪ್ಪ ಚೂರಿನ ಸಂದಿಗೆ ಇಳಿದು ಒಣಗಿದವು. 4 ಮಿ.ಮೀ. ಜರಡಿಯಲ್ಲಿ ಸೋಸಿ, ತೆಂಗಿನ ಪುಡಿ ಸಮಪಾಲು ಬೆರೆಸಿದಾಗ ಸರಿಹೋಯಿತು. ಕೆಲವು ಕುಂಡಗಳಲ್ಲಿ ಸಣ್ಣ ಅಣಬೆ ಎದ್ದವು. ಅವು ತೊಗಟೆ ತಿನ್ನುವ ಅಣಬೆ, ಗಿಡಕ್ಕೆ ತೊಂದರೆಯಿಲ್ಲ, ಮಕ್ಕಳು ಬಾಯಿಗೆ ಹಾಕದಂತೆ ಕಿತ್ತೆಸೆದರಾಯಿತು. ಮೇ ತಿಂಗಳಿಗೆ ಮಣ್ಣಿನ ಮಟ್ಟ ಎರಡು ಮೂರು ಸೆಂ.ಮೀ. ಇಳಿದಿತ್ತು. ಉಳಿಸಿಟ್ಟ ತೊಗಟೆಗೊಬ್ಬರದಿಂದ ಮೇಲೆ ತುಂಬಿಸಿದರು, ಮತ್ತು ಜೂನ್ ರಾಶಿಗೆ ಬೇಕಾದ ತೊಗಟೆಯನ್ನು ಬಿಸಿಲಿಗೆ ಹರಡಿದರು. ಈ ಸಲ ಜಾಲಿ ಅರ್ಧಕ್ಕೆ ಇಳಿಸಿ ಬೇವು ಹೆಚ್ಚಿಸಲಾಗಿದೆ, ಗಂಧಕ ಮುಕ್ಕಾಲು ಕೆ.ಜಿ.